ಕಲ್ಪಿತ ಪ್ರಾಣಿಯ ಹಸಿವು

ಜೊನಾಥನ್ ಸ್ವಿಫ್ಟ್‌ನ ‘ಗಲಿವರ್ಸ್ ಟ್ರಾವೆಲ್ಸ್’ ಪ್ರಕಟವಾದದ್ದು 1726ರಲ್ಲಿ. ಅದರ ಮೊದಲ ಭಾಗದಲ್ಲಿ, ಓದುವ ಭರದಲ್ಲಿ ನಾವು ದಾಟಿಹೋಗುವ ಒಂದು ಪುಟ್ಟ ಲೆಕ್ಕವಿದೆ. ಕಡಲದಡಕ್ಕೆ ಬಂದು ಬಿದ್ದ ದೈತ್ಯನಿಗೆ ದಿನವೊಂದಕ್ಕೆ ಎಷ್ಟು ಆಹಾರ ಮಂಜೂರು ಮಾಡಬೇಕು ಎಂಬುದು ಲಿಲಿಪುಟ್ಟಿನ ದೊರೆಯ ಚಿಂತೆ. ಆಸ್ಥಾನದ ಗಣಿತಜ್ಞರು ಗಲಿವರನನ್ನು ಅಳೆಯುತ್ತಾರೆ. ಅವನು ತಮಗಿಂತ ಹನ್ನೆರಡು ಪಟ್ಟು ಎತ್ತರ ಎಂದು ಕಂಡುಕೊಳ್ಳುತ್ತಾರೆ. ಎತ್ತರ ಹನ್ನೆರಡು ಪಟ್ಟಾದರೆ ಅಗಲ, ದಪ್ಪಗಳೂ ಹಾಗೆಯೇ; ಹನ್ನೆರಡನ್ನು ಮೂರು ಬಾರಿ ಗುಣಿಸಿದರೆ 1728. ಆದ್ದರಿಂದ ಅವನಿಗೆ 1728 ಲಿಲಿಪುಟಿಯನ್ನರ ಊಟ ಬೇಕು ಎಂದು ತೀರ್ಮಾನವಾಗುತ್ತದೆ.

ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಇದನ್ನು ಸ್ವಿಫ್ಟ್‌ನ ವಿಡಂಬನೆಯ ಒಂದು ಎಳೆಯೆಂದು ವಿವರಿಸಿ ಮುಂದಿನ ಪುಟಕ್ಕೆ ಹೋಗುವುದು ವಾಡಿಕೆ. ಆದರೆ ಲೆಕ್ಕವನ್ನು ಲೆಕ್ಕವಾಗಿಯೇ ನೋಡಿದರೆ ಸ್ವಾರಸ್ಯ ಬೇರೆಯೇ. ಸ್ವಿಸ್ ಮೂಲದ ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿಕೊಟ್ಟ ಹಾಗೆ, ಪ್ರಾಣಿಯ ತೂಕ ಏರಿದಷ್ಟೇ ಪ್ರಮಾಣದಲ್ಲಿ ಅದರ ಆಹಾರದ ಅಗತ್ಯ ಏರುವುದಿಲ್ಲ. ತೂಕದ ಮುಕ್ಕಾಲು ಘಾತದಂತೆ, ಅಂದರೆ ಸಾಕಷ್ಟು ನಿಧಾನವಾಗಿ ಏರುತ್ತದೆ. ಈ ಸೂತ್ರದಲ್ಲಿ ಗಲಿವರನಿಗೆ ಬೇಕಾದದ್ದು ಸುಮಾರು 268 ಲಿಲಿಪುಟಿಯನ್ನರ ಊಟ ಮಾತ್ರ. ನಾನು ದಿನವೂ ಕಡತಗಳಲ್ಲಿ ಬರೆಯುವ ಭಾಷೆಯಲ್ಲಿ ಹೇಳುವುದಾದರೆ ಇದು ಆರು ಪಟ್ಟಿಗೂ ಮೀರಿದ ಮಂಜೂರಾತಿ. ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತದೆ ಬಿಡುತ್ತಿರಲಿಲ್ಲ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಲಿಲಿಪುಟ್ಟಿನ ಪ್ರಜೆಯೊಬ್ಬನ ತೂಕ ಸುಮಾರು ನಲವತ್ತು ಗ್ರಾಂ. ಅಷ್ಟು ಸಣ್ಣ ಬಿಸಿರಕ್ತದ ಮೈ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಪ್ರತಿ ಗ್ರಾಂ ಮೈಗೆ ನಮ್ಮ ಆರು ಪಟ್ಟು ಇಂಧನ ಬೇಡುತ್ತದೆ. ಆ ಜನ ಹಗಲೆಲ್ಲ ಮೇಯುತ್ತಲೇ ಇರಬೇಕಾಗಿತ್ತು. ಹಗ್ಗದ ಮೇಲೆ ಕುಣಿದು ಪದವಿ ಗಿಟ್ಟಿಸಲು ಅವರ ಮಂತ್ರಿಗಳಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ.

ಸ್ವಿಫ್ಟ್‌ನ ಉತ್ತರ ತಪ್ಪಿರಬಹುದು. ಪ್ರಶ್ನೆ ಮಾತ್ರ ಸರಿಯಾದದ್ದು. ತಾನು ಕಲ್ಪಿಸಿದ ಜೀವಿ ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ ಎಂದು ಅವನು ಕೇಳಿದ. ಇಂದು ವಿಡಿಯೋ ಗೇಮ್‌ಗಳ ಲೋಕಗಳನ್ನು ಕಟ್ಟುವವರಲ್ಲಿ ಕೆಲವರು ತಮ್ಮ ಪ್ರಾಣಿಗಳಿಗೆ ನಂಬಲರ್ಹವಾದ ಜೀವಶಾಸ್ತ್ರವನ್ನು ಕೊಡಲು ಶ್ರಮಿಸುತ್ತಾರಲ್ಲ, ಅವರ ವಂಶಾವಳಿಯನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಗಣಕಯಂತ್ರದ ಕೋಣೆಯನ್ನಲ್ಲ, ಇಂಥ ಹಳೆಯ ಪುಟಗಳನ್ನು.

ಆಹಾರದ ಪ್ರಶ್ನೆಗಿಂತ ಮೊದಲು ಎಲುಬಿನ ಪ್ರಶ್ನೆ ಬಂದಿತ್ತು. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥದಲ್ಲಿ ಎರಡು ಎಲುಬುಗಳ ಚಿತ್ರ ಬರೆದ: ಒಂದು ಸಾಧಾರಣ ಪ್ರಾಣಿಯದು, ಇನ್ನೊಂದು ಅದಕ್ಕಿಂತ ಬಹಳ ದೊಡ್ಡ ಪ್ರಾಣಿಗೆ ಅದೇ ಕೆಲಸ ಮಾಡಿಕೊಡಬೇಕಾದದ್ದು. ಎರಡನೆಯದು ಉದ್ದದಲ್ಲಿ ಮೂರು ಪಟ್ಟು, ದಪ್ಪದಲ್ಲಿ ಮಾತ್ರ ವಿಕಾರವೆನಿಸುವಷ್ಟು ಹೆಚ್ಚು. ತೂಕ ಉದ್ದದ ಘನದಂತೆ ಬೆಳೆಯುತ್ತದೆ, ಎಲುಬಿನ ಬಲ ಅದರ ಅಡ್ಡಸೀಳಿನ ವಿಸ್ತೀರ್ಣದಂತೆ, ಅಂದರೆ ವರ್ಗದಂತೆ ಬೆಳೆಯುತ್ತದೆ. ಸ್ವಿಫ್ಟ್‌ನ ಬ್ರಾಬ್ಡಿಂಗ್‌ನ್ಯಾಗ್ ದೈತ್ಯರಿಗೆ ಇದನ್ನು ಅನ್ವಯಿಸಿದರೆ ತೂಕ 1728 ಪಟ್ಟು, ಎಲುಬಿನ ಬಲ 144 ಪಟ್ಟು. ಎಲುಬಿನ ಪ್ರತಿ ಚದರ ಅಂಗುಲದ ಮೇಲೆ ನಮಗಿಂತ ಹನ್ನೆರಡರಷ್ಟು ಭಾರ. ಆ ದೈತ್ಯರು ಮೊದಲ ಹೆಜ್ಜೆಯಲ್ಲೇ ಕುಸಿಯುತ್ತಿದ್ದರು.

ಈ ವಿಚಾರವನ್ನು ಸಾಮಾನ್ಯ ಓದುಗರ ಮನೆಗೆ ತಲುಪಿಸಿದವರು ಜೆ.ಬಿ.ಎಸ್. ಹಾಲ್ಡೇನ್. 1926ರ ‘ಆನ್ ಬೀಯಿಂಗ್ ದಿ ರೈಟ್ ಸೈಜ್’ ಎಂಬ ಕಿರು ಪ್ರಬಂಧದಲ್ಲಿ ಅವರು ಬನ್ಯನ್‌ನ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’ನ ದೈತ್ಯರನ್ನು ಹಿಡಿದು ತೂಗಿದರು. ಕೀಟಗಳು ಮೈಯೊಳಗೆ ಹರಡಿಕೊಂಡ ಸಣ್ಣ ನಳಿಕೆಗಳ ಮೂಲಕ ಗಾಳಿಯನ್ನು ಸಾಗಿಸುವುದರಿಂದ ಅವು ಬಹಳ ದೊಡ್ಡದಾಗಿ ಬೆಳೆಯಲಾರವೆಂದರು. ಮನುಷ್ಯಾಕಾರದ ದೇವದೂತ ನಿಜಕ್ಕೂ ಹಾರಬೇಕಾದರೆ ರೆಕ್ಕೆ ಬಡಿಯುವ ಸ್ನಾಯುಗಳಿಗಾಗಿ ಅವನ ಎದೆ ಸುಮಾರು ನಾಲ್ಕು ಅಡಿ ಮುಂದಕ್ಕೆ ಚಾಚಿಕೊಂಡಿರಬೇಕೆಂದರು. ಈ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂದರು, ಭಾರತದ ಪೌರತ್ವ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹ ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ ಹೋಯಿತು. ದೈತ್ಯರ, ದೇವದೂತರ ಮೈಯನ್ನು ತೂಗಿ ಅಳೆದವರು ತಮ್ಮ ಮೈಯನ್ನೂ ವಿದ್ಯಾರ್ಥಿಗಳ ಅಳತೆಗೆ ಬಿಟ್ಟುಕೊಟ್ಟರು.

ಇಷ್ಟು ಹೊತ್ತು ಹೇಳಿದ್ದು ಕಲ್ಪನೆಯ ರೆಕ್ಕೆ ಕತ್ತರಿಸುವ ಲೆಕ್ಕ. ಇದೇ ಲೆಕ್ಕದಿಂದ ಹೊಸ ಜೀವಿಗಳನ್ನು ಹುಟ್ಟಿಸಿದವರೂ ಇದ್ದಾರೆ. ಎಚ್.ಜಿ. ವೆಲ್ಸ್ ಲಂಡನ್ನಿನಲ್ಲಿ ಟಿ.ಎಚ್. ಹಕ್ಸ್‌ಲಿಯವರ ಬಳಿ ಜೀವಶಾಸ್ತ್ರ ಕಲಿತವನು. ಕಾದಂಬರಿಕಾರನೆಂದು ಹೆಸರಾಗುವ ಮುಂಚೆ, 1893ರಲ್ಲಿ, ಜೀವಶಾಸ್ತ್ರದ ಪಠ್ಯಪುಸ್ತಕ ಬರೆದವನು. ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ಕಾದಂಬರಿಯ ಮಂಗಳವಾಸಿಗಳು ಬರೀ ಭೂತಗಳಲ್ಲ. ಅವರ ಮೈ ಹೆಚ್ಚುಕಡಿಮೆ ಮಿದುಳೇ, ಜೀರ್ಣಾಂಗಗಳಿಲ್ಲ, ಬೇರೆ ಜೀವಿಗಳ ರಕ್ತವನ್ನು ನೇರವಾಗಿ ತಮ್ಮೊಳಕ್ಕೆ ತುಂಬಿಕೊಳ್ಳುತ್ತಾರೆ. ಅವರನ್ನು ಕೊಂದದ್ದೂ ಫಿರಂಗಿಗಳಲ್ಲ, ಅವರ ಶರೀರಕ್ಕೆ ಪರಿಚಯವೇ ಇಲ್ಲದ ಭೂಮಿಯ ಸೂಕ್ಷ್ಮಾಣುಗಳು. ಇಡೀ ಕಥೆಯ ಮುಕ್ತಾಯ ನಿಂತಿರುವುದು ರೋಗನಿರೋಧಕತೆಯ ಪ್ರಶ್ನೆಯ ಮೇಲೆ. 1981ರಲ್ಲಿ ಸ್ಕಾಟ್‌ಲೆಂಡಿನ ಡೂಗಲ್ ಡಿಕ್ಸನ್ ‘ಆಫ್ಟರ್ ಮ್ಯಾನ್’ ಪುಸ್ತಕದಲ್ಲಿ ಮನುಷ್ಯ ಅಳಿದು 5 ಕೋಟಿ ವರ್ಷಗಳಾದ ಮೇಲಿನ ಪ್ರಾಣಿಲೋಕವನ್ನು ಸಚಿತ್ರವಾಗಿ ಕಟ್ಟಿಕೊಟ್ಟರು. ಅಲ್ಲಿ ಜಿಂಕೆಗಳ ತೆರವಾದ ಜಾಗವನ್ನು ಮೊಲದ ಸಂತತಿ ತುಂಬಿದೆ, ತೋಳಗಳ ಜಾಗವನ್ನು ಇಲಿಯ ಸಂತತಿ. ಪರಿಸರದಲ್ಲಿ ಯಾವ ಕೆಲಸ ಖಾಲಿ ಬಿತ್ತು, ಅದಕ್ಕೆ ಯಾರು ಬಂದರು ಎಂಬುದೇ ಇಡೀ ಪುಸ್ತಕದ ತರ್ಕ. ಸರ್ಕಾರಿ ನೌಕರನಿಗೆ ಇದು ಬಲು ಬೇಗ ಅರ್ಥವಾಗುವ ತರ್ಕ.

ಇಲ್ಲಿ ಒಂದು ಆಕ್ಷೇಪ ಸಹಜ. ನಮ್ಮ ಪುರಾಣಗಳ, ದೇಗುಲಗಳ ಪ್ರಾಣಿಗಳು ಇಂಥ ಲೆಕ್ಕಗಳಿಲ್ಲದೆಯೇ ಸಾವಿರ ವರ್ಷ ಬಾಳಲಿಲ್ಲವೆ? ಬಾಳಿವೆ. ಆದರೆ ಪಂಚತಂತ್ರದ ಭಾರುಂಡ ಪಕ್ಷಿಯನ್ನು ನೆನೆಯಿರಿ. ಕರ್ನಾಟಕದ ರಾಜ್ಯಲಾಂಛನದಲ್ಲಿರುವ ಗಂಡಭೇರುಂಡದ ಹೆಸರಿಗೆ ಹತ್ತಿರದ ಹೆಸರು ಅದರದು, ಅದರಂತೆಯೇ ಎರಡು ತಲೆ. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು; ಇನ್ನೊಂದಕ್ಕೆ ಕೊಡಲಿಲ್ಲ, ಹೇಗೂ ಹೊಟ್ಟೆ ಒಂದೇ ತಾನೆ ಎಂದಿತು. ಅವಮಾನಗೊಂಡ ಎರಡನೆಯ ತಲೆ ಇನ್ನೊಂದು ದಿನ ವಿಷದ ಹಣ್ಣು ತಿಂದಿತು. ಹೊಟ್ಟೆ ಒಂದೇ ಆದದ್ದರಿಂದ ಎರಡೂ ಸತ್ತವು. ಕಥೆ ನೀತಿಗಾಗಿ ಹೇಳಿದ್ದು ನಿಜ. ಆದರೆ ಹೇಳಿದವನು ಎರಡು ತಲೆಯ ಹಕ್ಕಿಯನ್ನು ಕಲ್ಪಿಸಿ ಸುಮ್ಮನಾಗಲಿಲ್ಲ. ಅದರ ಅನ್ನನಾಳ ಎಲ್ಲಿ ಕೂಡುತ್ತದೆಂದು ಯೋಚಿಸಿದ. ಕಲ್ಪಿತ ಜೀವಿಯ ವಾಸ್ತವಿಕತೆಯೆಂದರೆ ಅಂಕಿ ಅಂಶಗಳ ನಿಖರತೆಯೇ ಆಗಬೇಕಿಲ್ಲ ಎಂದು ನನ್ನ ಭಾವನೆ. ಮೈಯ ಒಂದು ಭಾಗದಲ್ಲಿ ನಡೆದದ್ದು ಇನ್ನೊಂದು ಭಾಗಕ್ಕೆ ತಟ್ಟಬೇಕು. ತಿಂದದ್ದಕ್ಕೆ, ತಿನ್ನದೆ ಉಳಿದದ್ದಕ್ಕೆ ಪರಿಣಾಮವಿರಬೇಕು.

ಈ ಅಳತೆಗೋಲಿನಲ್ಲಿ ನೋಡಿದರೆ ವಿಡಿಯೋ ಗೇಮ್‌ಗಳ ಬಹುಪಾಲು ಪ್ರಾಣಿಗಳಿಗೆ ಮೈಯೇ ಇಲ್ಲ. ತಲೆಯ ಮೇಲೊಂದು ಕೆಂಪು ಪಟ್ಟಿ; ಹೊಡೆದಂತೆ ಅದು ಕುಗ್ಗುತ್ತದೆ, ಬರಿದಾದಾಗ ಪ್ರಾಣಿ ಮಾಯವಾಗುತ್ತದೆ. ಮನೆಯಲ್ಲಿ ಮಕ್ಕಳಿರುವವರಿಗೆ ಪೊಕೆಮಾನ್ ಗೊತ್ತಿರುತ್ತದೆ. 1996ರಲ್ಲಿ ಆರಂಭವಾದ ಆ ಆಟದ ಹಿಂದೆ ಸತೋಶಿ ತಾಜಿರಿಯವರು ಟೋಕಿಯೊದ ಹೊರವಲಯದಲ್ಲಿ ಕೀಟಗಳನ್ನು ಹಿಡಿಯುತ್ತ ಕಳೆದ ಬಾಲ್ಯವಿದೆ. ಆಟದಲ್ಲಿ ‘ವಿಕಾಸ’ ಎಂದು ಕರೆಯುವುದು ವಾಸ್ತವವಾಗಿ ಕಂಬಳಿಹುಳು ಚಿಟ್ಟೆಯಾಗುವ ರೂಪಾಂತರವನ್ನು. ಅದರ ತಿಮಿಂಗಿಲ ವೇಲಾರ್ಡ್‌ನ ಉದ್ದ 14.5 ಮೀಟರ್, ತೂಕ 398 ಕಿಲೊ ಎಂದು ಆಟದ ದಾಖಲೆಯೇ ಹೇಳುತ್ತದೆ. ನಿಜವಾದ ತಿಮಿಂಗಿಲಕ್ಕೆ ಆ ಉದ್ದದಲ್ಲಿ ಹತ್ತಾರು ಟನ್ ತೂಕವಿರಬೇಕು. ಇದು ತಿಮಿಂಗಿಲವಲ್ಲ, ಬಲೂನು. ಮಕ್ಕಳು ಇದನ್ನು ಕಂಡುಹಿಡಿದು ನಗುತ್ತಾರೆ. ಗೆಲಿಲಿಯೊ ಅವರಿಗೆ ತಲುಪಲು ಇದೂ ಒಂದು ದಾರಿ.

2008ರ ‘ಸ್ಪೋರ್’ ಹೆಚ್ಚು ನಿರೀಕ್ಷೆ ಹುಟ್ಟಿಸಿತ್ತು. ವಿಲ್ ರೈಟ್ ಅವರ ಈ ಆಟ ಏಕಕೋಶ ಜೀವಿಯಿಂದ ನಕ್ಷತ್ರಲೋಕದವರೆಗೆ ಒಂದು ಕುಲದ ಪಯಣ. ಆಟಗಾರ ಕಾಲು, ಕೊಕ್ಕು, ಕಣ್ಣುಗಳನ್ನು ಎಲ್ಲಿ ಬೇಕಾದರೂ ಅಂಟಿಸಬಹುದು; ಎಂಥ ವಿಚಿತ್ರ ಮೈಯಾದರೂ ಗಣಕಯಂತ್ರ ಅದಕ್ಕೊಂದು ನಡಿಗೆ ಹುಡುಕಿಕೊಡುತ್ತದೆ. ಆ ಕೌಶಲಕ್ಕೆ ತಲೆಬಾಗಬೇಕು. ಆದರೆ ಮರಿಗಳ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಬದುಕುಳಿದದ್ದು ಮುಂದುವರಿಯುವ ಡಾರ್ವಿನ್ನನ ದಾರಿ ಅಲ್ಲಿಲ್ಲ. ಇರುವುದು ಮೇಲಿನಿಂದ ಭಾಗಗಳನ್ನು ಆಯ್ದು ಜೋಡಿಸುವ ಒಂದು ಕೈ. ವಿಕಾಸದ ಹೆಸರಿನಲ್ಲಿ ಬಂದ ಆಟ ಕೊನೆಗೆ ಸೃಷ್ಟಿವಾದದ ಆಟವಾಯಿತೆಂದು ಜೀವಶಾಸ್ತ್ರ ಬಲ್ಲವರು ಟೀಕಿಸಿದ್ದು ಅನ್ಯಾಯವಲ್ಲ.

ಅದಕ್ಕಿಂತ ಹನ್ನೆರಡು ವರ್ಷ ಹಿಂದೆ, ಬಹಳ ಕಡಿಮೆ ಸದ್ದಿನಲ್ಲಿ ಬಂದ ಆಟವೊಂದು ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಇಂಗ್ಲೆಂಡಿನ ಸ್ಟೀವ್ ಗ್ರ್ಯಾಂಡ್ ರೂಪಿಸಿದ ‘ಕ್ರೀಚರ್ಸ್’ 1996ರಲ್ಲಿ ಹೊರಬಂತು. ಆಲ್ಬಿಯ ಎಂಬ ಪುಟ್ಟ ಲೋಕ. ಅಲ್ಲಿ ‘ನಾರ್ನ್’ ಎಂಬ, ದೊಡ್ಡ ಕಣ್ಣಿನ, ಮೃದು ಮೈಯ ಜೀವಿಗಳು. ಆ ಹೆಸರು ನಾರ್ಡಿಕ್ ಪುರಾಣದ ವಿಧಿದೇವಿಯರದು. ಅವುಗಳ ವೈರಿಗಳು ‘ಗ್ರೆಂಡೆಲ್’ಗಳು; ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯ ಓದಿದವರಿಗೆ ಆ ಹೆಸರಿನ ಪರಿಚಯ ಮಾಡಿಕೊಡಬೇಕಿಲ್ಲ. ಆಟಗಾರನಿಗೆ ಗೆಲ್ಲಲು ಏನೂ ಇಲ್ಲ. ಮೊಟ್ಟೆಯೊಡೆಸಿ, ಮರಿಗೆ ಮಾತು ಕಲಿಸಿ, ತಿನ್ನಲು ಕೊಟ್ಟು ಬೆಳೆಸುವುದಷ್ಟೆ ಕೆಲಸ. ಒಳ್ಳೆಯದು ಮಾಡಿದರೆ ಕಚಗುಳಿ ಇಡಬಹುದು, ತಪ್ಪಿದರೆ ಏಟು ಕೊಡಬಹುದು.

ಹೊರಗೆ ಇಷ್ಟೇ. ಒಳಗೆ ನಡೆಯುತ್ತಿದ್ದದ್ದು ಬೇರೆ. ಪ್ರತಿ ನಾರ್ನ್‌ಗೆ ಸುಮಾರು ಸಾವಿರ ನರಕೋಶಗಳ ಮಿದುಳಿತ್ತು. ತಿಂದ ಆಹಾರದ ಪಿಷ್ಟ ಗ್ಲೂಕೋಸ್ ಆಗಿ, ಗ್ಲೂಕೋಸ್ ಗ್ಲೈಕೋಜೆನ್ ಆಗಿ ಸಂಗ್ರಹವಾಗುವ ರಾಸಾಯನಿಕ ಕ್ರಿಯೆಗಳಿದ್ದವು. ಹಸಿವು, ನೋವು, ಚಳಿ, ಒಂಟಿತನ, ಬೇಸರ ಎಲ್ಲವೂ ಮೈಯಲ್ಲಿ ಏರಿಳಿಯುವ ರಾಸಾಯನಿಕಗಳ ಮಟ್ಟಗಳು. ನೋವು ತಗ್ಗಿಸಿದ ಕೆಲಸವನ್ನು ಮಿದುಳು ನೆನಪಿಟ್ಟುಕೊಳ್ಳುತ್ತಿತ್ತು. ಸೂಕ್ಷ್ಮಾಣುಗಳು ವಿಷ ಬಿಡುತ್ತಿದ್ದವು, ಮೈ ಅವನ್ನು ಎದುರಿಸುತ್ತಿತ್ತು. ಇಷ್ಟೆಲ್ಲದರ ನಕ್ಷೆ ವಂಶವಾಹಿಗಳಲ್ಲಿತ್ತು. ಗಂಡು ಹೆಣ್ಣು ಕೂಡಿದಾಗ ಅವು ಬೆರೆಯುತ್ತಿದ್ದವು, ಒಮ್ಮೊಮ್ಮೆ ಉತ್ಪರಿವರ್ತನೆಯೂ ಆಗುತ್ತಿತ್ತು. ಹೀಗಾಗಿ ಮೂರು ನಾಲ್ಕು ತಲೆಮಾರುಗಳ ಮೇಲೆ ಹುಟ್ಟುವ ಮರಿಯ ಮೈಯೊಳಗೆ ಏನಿದೆಯೆಂದು ಅದನ್ನು ರಚಿಸಿದವರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ನಾರ್ನ್ ಮೂಲೆಯಲ್ಲಿ ಮಂಕಾಗಿ ಕುಳಿತರೆ ಕಾರಣ ರೋಗವಿರಬಹುದು, ಹಸಿವಿರಬಹುದು, ಮುಪ್ಪಿರಬಹುದು, ಕೇವಲ ಬೇಸರವೂ ಇರಬಹುದು. ಸಾಕಿದವರು ವೈದ್ಯರಂತೆ ಊಹಿಸಬೇಕಿತ್ತು.

ಗ್ರ್ಯಾಂಡ್ 2000ದಲ್ಲಿ ಪ್ರಕಟವಾದ ‘ಕ್ರಿಯೇಷನ್’ ಪುಸ್ತಕದಲ್ಲಿ ಇದರ ಹಿಂದಿನ ತತ್ತ್ವವನ್ನು ಬಿಡಿಸಿ ಹೇಳಿದರು. ವರ್ತನೆಯನ್ನು ನೇರವಾಗಿ ಅನುಕರಿಸಿದರೆ ಸಿಗುವುದು ಬರೀ ನಟನೆ. ವರ್ತನೆಯನ್ನು ಹುಟ್ಟಿಸುವ ಕೆಳಗಿನ ಭಾಗಗಳನ್ನು, ಅಂದರೆ ನರಕೋಶ, ರಾಸಾಯನಿಕ, ವಂಶವಾಹಿಗಳನ್ನು ಅನುಕರಿಸಿ, ಮೇಲಿನದು ತಾನಾಗಿ ಹೊಮ್ಮಲು ಬಿಟ್ಟರೆ ಆ ಹೊಮ್ಮಿದ್ದನ್ನು ಹುಸಿಯೆಂದು ತಳ್ಳಿಹಾಕುವುದು ಸುಲಭವಲ್ಲ. ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಸಾವಿರ ನರಕೋಶಗಳ ಲೆಕ್ಕದ ಚಲನೆಯನ್ನು ನೋವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಆದರೂ ಕೆಂಪು ಪಟ್ಟಿಯ ಪ್ರಾಣಿಗೆ ಹೊಡೆಯುವಾಗ ನನ್ನೊಳಗೆ ಏಳದ ಅಳುಕೊಂದು ಇಲ್ಲಿ ಏಳುತ್ತದೆ, ಏಕೆಂದರೆ ಇಲ್ಲಿ ಏಟು ಎಲ್ಲಿಯೋ ಹೋಗಿ ತಾಗುತ್ತದೆ, ಆಮೇಲೂ ಉಳಿಯುತ್ತದೆ.

ಇದು ನನ್ನೊಬ್ಬನ ಅಳುಕಲ್ಲ ಎಂಬುದಕ್ಕೆ ಆ ಆಟದ ಚರಿತ್ರೆಯಲ್ಲೇ ಪುರಾವೆಯಿದೆ. ಆಟಗಾರರು ತಾವು ಸಾಕಿದ ನಾರ್ನ್‌ಗಳನ್ನು ಕಡತಗಳಾಗಿ ಅಂತರ್ಜಾಲದಲ್ಲಿ ಪರಸ್ಪರ ಕಳುಹಿಸಿಕೊಳ್ಳುತ್ತಿದ್ದರು. 1990ರ ದಶಕದ ಕೊನೆಯ ಭಾಗದಲ್ಲಿ ಆಟಗಾರನೊಬ್ಬ ತನ್ನ ನಾರ್ನ್‌ಗಳನ್ನು ಬೇಕೆಂದೇ ಹಿಂಸಿಸಿ ಬೆಳೆಸಿ, ಅವುಗಳನ್ನು ಜಾಲತಾಣದಲ್ಲಿ ಪ್ರದರ್ಶನಕ್ಕಿಟ್ಟ. ಅವು ಕೇವಲ ಗಣಕಯಂತ್ರದ ಆದೇಶಗಳು, ಇದರಲ್ಲಿ ಕ್ರೌರ್ಯವೆಲ್ಲಿದೆ ಎಂಬುದು ಅವನ ಪಕ್ಷದ ವಾದ. ಉಳಿದ ಆಟಗಾರರು ಕೆರಳಿದರು. ದ್ವೇಷದ ಪತ್ರಗಳು ಬಂದವು. ಜೀವವೆಂದರೇನು ಎಂಬ ಚರ್ಚೆ ತತ್ತ್ವಶಾಸ್ತ್ರದ ತರಗತಿಯ ಹೊರಗೆ, ಆಟವಾಡುವವರ ನಡುವೆ ಬಿಸಿಯೇರಿತು. ವಾದಕ್ಕಿಳಿಯದ ಕೆಲವರೂ ಇದ್ದರು. ಅವರು ಆ ಪೆಟ್ಟು ತಿಂದ ನಾರ್ನ್‌ಗಳ ಕಡತಗಳನ್ನು ಇಳಿಸಿಕೊಂಡು, ತಮ್ಮ ತಮ್ಮ ಆಲ್ಬಿಯಗಳೊಳಗೆ ಬಿಟ್ಟು, ಬೆಚ್ಚುವುದನ್ನು ಅವು ಮರೆಯುವ ತನಕ ಉಣಿಸಿ, ಕಚಗುಳಿಯಿಟ್ಟು, ಆರೈಕೆ ಮಾಡತೊಡಗಿದರು.