ಅಪ್ಲಿಕೇಶನ್ ಸರ್ವರಿನಲ್ಲಿ ಮಾಡ್ಯೂಲ್ ಆಧಾರಿತ ಕ್ಲಾಸ್ ಲೋಡಿಂಗ್: ಜೆಬಾಸ್ ಸರ್ವರಿನ ಆಯ್ಕೆಯ ವಿಶ್ಲೇಷಣೆ

ಜಾವಾ ವರ್ಚುವಲ್ ಮಷೀನಿನಲ್ಲಿ ಒಂದು ಕ್ಲಾಸಿನ ಗುರುತು ಹೆಸರಿನಿಂದಷ್ಟೇ ನಿರ್ಧಾರವಾಗುವುದಿಲ್ಲ. ಅದರ ಬೈಟ್‌ಕೋಡನ್ನು ಮೆಮೊರಿಗೆ ತಂದು ವ್ಯಾಖ್ಯಾನಿಸಿದ ಕ್ಲಾಸ್ ಲೋಡರ್ ಯಾವುದು ಎಂಬುದೂ ಆ ಗುರುತಿನ ಭಾಗವಾಗಿರುತ್ತದೆ. ಆದ್ದರಿಂದಲೇ ಒಂದೇ ಜಾರ್ ಫೈಲನ್ನು ಎರಡು ಲೋಡರುಗಳು ಪ್ರತ್ಯೇಕವಾಗಿ ಓದಿದರೆ ಒಂದೇ ಹೆಸರಿನ ಎರಡು ಬೇರೆ ಕ್ಲಾಸುಗಳು ಉಂಟಾಗಿ, ಒಂದರ ಆಬ್ಜೆಕ್ಟನ್ನು ಇನ್ನೊಂದರ ಟೈಪಿಗೆ ಪರಿವರ್ತಿಸುವಾಗ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಎದುರಾಗುತ್ತದೆ, ಮತ್ತು ದೋಷಸಂದೇಶದ ಎರಡೂ ಕಡೆ ಅದೇ ಹೆಸರು ಕಾಣುತ್ತದೆ. ಹಲವು ಅಪ್ಲಿಕೇಶನ್‌ಗಳನ್ನು ಒಟ್ಟಿಗೆ ನಡೆಸುವ ಸರ್ವರಿನಲ್ಲಿ ಯಾವ ಕ್ಲಾಸು ಯಾರಿಗೆ ಕಾಣಬೇಕು ಎಂಬ ಪ್ರಶ್ನೆ ಹೀಗೆ ವಿನ್ಯಾಸದ ಮೂಲಪ್ರಶ್ನೆಯಾಗುತ್ತದೆ.

1998ರಲ್ಲಿ ಜೆಡಿಕೆ 1.2ರೊಂದಿಗೆ ಬಂದ ಡೆಲಿಗೇಶನ್ ಪದ್ಧತಿಯಲ್ಲಿ ಪ್ರತಿ ಲೋಡರೂ ಮೊದಲು ತನ್ನ ಪೋಷಕ ಲೋಡರನ್ನು ಕೇಳುವುದರಿಂದ, ಸರ್ವರಿನ ಲೈಬ್ರರಿ ಅಪ್ಲಿಕೇಶನ್ ತಂದುಕೊಂಡ ಬೇರೆ ಆವೃತ್ತಿಯನ್ನು ಮರೆಮಾಡಬಲ್ಲದು. ಜೆಬಾಸ್‌ನ 3 ಮತ್ತು 4ನೇ ಆವೃತ್ತಿಗಳು ಕ್ಲಾಸುಗಳನ್ನು ಒಂದೇ ಸಾಮಾನ್ಯ ಭಂಡಾರದಲ್ಲಿ ಹಂಚಿಕೊಳ್ಳುತ್ತಿದ್ದವು. ಇದರಿಂದ ಅಪ್ಲಿಕೇಶನ್‌ಗಳ ನಡುವಿನ ಕರೆಗಳು ಸುಲಭವಾದರೂ, ಬೇರ್ಪಡಿಸುವ ಸೂಚನೆ ಕೊಡದಿದ್ದರೆ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಪರಸ್ಪರ ಘರ್ಷಿಸುತ್ತಿದ್ದವು.

ಇಂಥ ಘರ್ಷಣೆಗೆ ಪರಿಹಾರವಾಗಿ ಇನ್ನೊಂದು ಅಪ್ಲಿಕೇಶನ್ ಸರ್ವರಾದ 2009ರ ಗ್ಲಾಸ್‌ಫಿಶ್ 3 ಒಎಸ್‌ಜಿಐ ಎಂಬ ಮಾಡ್ಯೂಲ್ ವ್ಯವಸ್ಥೆಯನ್ನು ಆಯ್ದುಕೊಂಡಿತು. ಅದರಲ್ಲಿ ಬಂಡಲ್ ಎನಿಸುವ ಘಟಕವು ತನಗೆ ಬೇಕಾದ ಪ್ಯಾಕೇಜುಗಳನ್ನೂ ಒಪ್ಪಬಹುದಾದ ಆವೃತ್ತಿಗಳ ವ್ಯಾಪ್ತಿಯನ್ನೂ ಘೋಷಿಸುತ್ತದೆ, ಮತ್ತು ಸರ್ವರ್ ಓಡುತ್ತಿರುವಾಗಲೇ ಅದನ್ನು ಸೇರಿಸಬಹುದು, ತೆಗೆಯಬಹುದು. ಆದರೆ ಪ್ರತಿ ಲೈಬ್ರರಿಗೂ ಸರಿಯಾದ ಘೋಷಣೆ ಬೇಕಾಗುವುದು ಮತ್ತು ಹೊಂದಾಣಿಕೆಯ ಲೆಕ್ಕಾಚಾರ ಜಟಿಲವಾಗುವುದು ಅದರ ಬೆಲೆ.

2011ರ ಜೆಬಾಸ್ ಎಎಸ್ 7 ಇದಕ್ಕಿಂತ ಸರಳವಾದ ಜೆಬಾಸ್ ಮಾಡ್ಯೂಲ್ಸ್ ಮಾರ್ಗವನ್ನು ಹಿಡಿಯಿತು. ಇದರಲ್ಲಿ ಮಾಡ್ಯೂಲಿನ ವಿವರಣಾ ಫೈಲು ಅದರ ಅವಲಂಬನೆಗಳನ್ನು ಹೆಸರಿಸುತ್ತದೆ. ಅವಲಂಬನೆಯ ಅವಲಂಬನೆ, ಸ್ಪಷ್ಟವಾಗಿ ರಫ್ತು ಮಾಡದ ಹೊರತು, ಕಾಣುವುದಿಲ್ಲ. ಪ್ಯಾಕೇಜಿಗೆ ಸಂಬಂಧಿಸಿದ ಲೋಡರನ್ನು ಸಿದ್ಧ ಕೋಷ್ಟಕದಿಂದ ನೇರವಾಗಿ ಪಡೆಯುವುದರಿಂದ ಸಾಲುಸಾಲಾಗಿ ಹುಡುಕುವ ಅಗತ್ಯವಿಲ್ಲ. ಅಪ್ಲಿಕೇಶನ್ ತನ್ನದೇ ಲಾಗಿಂಗ್ ಲೈಬ್ರರಿಯನ್ನು ಬಳಸಬೇಕಾದರೆ, ಸರ್ವರ್ ತಾನಾಗಿ ಸೇರಿಸುವ ಮಾಡ್ಯೂಲನ್ನು ನಿಯೋಜನಾ ವಿವರಣೆಯಲ್ಲಿ ಹೆಸರಿಸಿ ಹೊರಗಿಟ್ಟರೆ ಸಾಕು.

2017ರ ಜಾವಾ 9ರ ಮಾಡ್ಯೂಲ್ ವ್ಯವಸ್ಥೆ ಜೆಡಿಕೆಯನ್ನೇ ಭದ್ರವಾಗಿ ವಿಂಗಡಿಸಿತಾದರೂ, ಆವೃತ್ತಿಗಳ ಆಯ್ಕೆಯನ್ನು ತನ್ನ ಹೊಣೆಯಾಗಿ ಸ್ವೀಕರಿಸಲಿಲ್ಲ. ಮಾಡ್ಯೂಲುಗಳ ನಡುವಿನ ಚಕ್ರೀಯ ಅವಲಂಬನೆಯನ್ನೂ ಒಪ್ಪಲಿಲ್ಲ.

ಆದ್ದರಿಂದ ಆಯ್ಕೆಯ ಮಾನದಂಡ ಸೌಲಭ್ಯಗಳ ಸಂಖ್ಯೆಯಲ್ಲ. ಘಟಕಗಳು ಸದಾ ಬದಲಾಗುವ ಕಡೆ ಒಎಸ್‌ಜಿಐಯ ಜಟಿಲತೆ ಸಾರ್ಥಕವಾಗುತ್ತದೆ. ಸರ್ವರಿನ ರಚನೆ ಬಹುಮಟ್ಟಿಗೆ ಸ್ಥಿರವಾಗಿದ್ದು ಅಪ್ಲಿಕೇಶನ್‌ಗಳು ಮಾತ್ರ ಬದಲಾಗುವ ಕಡೆ, ಅವಲಂಬನೆಯನ್ನು ಬರೆದೇ ಪಡೆಯಬೇಕೆಂಬ ಜೆಬಾಸ್ ಮಾಡ್ಯೂಲ್ಸ್‌ನ ಶಿಸ್ತು ಹೆಚ್ಚು ಉಪಯುಕ್ತ, ಏಕೆಂದರೆ ಆಗ ದೋಷವು ಕಾಣದ ಕ್ಲಾಸಿನ ಹೆಸರಿನೊಂದಿಗೆ ಹೊರಬಿದ್ದು, ಯಾವ ಘೋಷಣೆ ಬಿಟ್ಟುಹೋಗಿದೆ ಎಂಬುದನ್ನು ನಿರ್ವಾಹಕನಿಗೆ ತಿಳಿಸುತ್ತದೆ.