ಹಾಯಿದೋಣಿಯ ಹವಾನಿಯಂತ್ರಣ

ಹಾಯಿದೋಣಿಯ ಡೆಕ್ಕಿನ ಕೆಳಗಿರುವ ವಾಸದ ಕೋಣೆಗಳಿಂದ ಶಾಖವನ್ನೂ ತೇವಾಂಶವನ್ನೂ ಸೆಳೆದು, ದೋಣಿ ತೇಲುತ್ತಿರುವ ನೀರಿಗೇ ಬಿಡುವ ವ್ಯವಸ್ಥೆ. ಮನೆಯ ಎಸಿ ತನ್ನ ಶಾಖವನ್ನು ಹೊರಗಿನ ಗಾಳಿಗೆ ಚೆಲ್ಲುತ್ತದೆ. ದೋಣಿಯ ಎಸಿಯಲ್ಲಿ ಒಡಲಿನ ತಳದ ರಂಧ್ರದಿಂದ ಪಂಪು ಸಮುದ್ರದ ನೀರನ್ನು ಎಳೆದು ಕಂಡೆನ್ಸರಿನ ತಾಮ್ರ-ನಿಕಲ್ ಕೊಳವೆಯ ಮೂಲಕ ಹಾಯಿಸಿ, ಬಿಸಿಯಾದ ನೀರನ್ನು ಪಕ್ಕದಿಂದ ಹೊರಗೆ ಸುರಿಯುತ್ತದೆ. ಅಮೆರಿಕದ ಫ್ಲಾರಿಡಾ ಮತ್ತು ಕೆರಿಬಿಯನ್ ದ್ವೀಪಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರಲ್ಲಿ ಇದರ ಬಳಕೆ ಹೆಚ್ಚು. ಯಂತ್ರದ ತಂಪು ಮಾಡುವ ಶಕ್ತಿ ಎಷ್ಟಿರಬೇಕು ಎಂಬಲ್ಲಿಂದ ಯೋಜನೆ ಆರಂಭಿಸುವುದು ರೂಢಿ. ಆದರೆ ಹಾಯಿದೋಣಿಯಲ್ಲಿ ವಿದ್ಯುತ್ತು, ಜಾಗ, ನೀರಿನ ದಾರಿ ಮೂರೂ ಇಕ್ಕಟ್ಟು. ಆದ್ದರಿಂದ ವಿದ್ಯುತ್ತು ಎಲ್ಲಿಂದ, ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ, ಯಂತ್ರವನ್ನು ಕೊನೆಗೆ ಆರಿಸುವುದೇ ಸರಿಯಾದ ಕ್ರಮ.

ಸುಮಾರು 12 ಮೀಟರ್ ಉದ್ದದ, ಒಂದೇ ಒಡಲಿನ ದೋಣಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ತಯಾರಕರು ಕೊಡುವ ಸಾಮಾನ್ಯ ಅಂದಾಜಿನಂತೆ ಡೆಕ್ಕಿನ ಕೆಳಗಿನ ಮಲಗುವ ಕೋಣೆಗೆ ಪ್ರತಿ ಚದರ ಅಡಿಗೆ ಗಂಟೆಗೆ 60 ಬಿಟಿಯು (ಶಾಖದ ಒಂದು ಅಳತೆ), ಕಿಟಕಿ ಹೆಚ್ಚಿರುವ ನಡುವಣ ಕೋಣೆಗೆ 90 ಬಿಟಿಯು ಬೇಕು. ನಡುಕೋಣೆ 120 ಚದರ ಅಡಿ, ಎರಡು ಮಲಗುವ ಕೋಣೆಗಳು ತಲಾ 50 ಚದರ ಅಡಿ ಇದ್ದರೆ ಒಟ್ಟು ಗಂಟೆಗೆ 16,800 ಬಿಟಿಯು, ಅಂದರೆ ಎಸಿಗಳ ಶಕ್ತಿಯನ್ನು ಅಳೆಯುವ ಟನ್ನಿನ ಲೆಕ್ಕದಲ್ಲಿ 1.4 ಟನ್ ಆಗುತ್ತದೆ. ಈ ಗಾತ್ರದ ಯಂತ್ರವೂ ಅದರ ಪಂಪೂ ಸೇರಿ ಸುಮಾರು 1.6 ಕಿಲೋವ್ಯಾಟ್ ಎಳೆಯುತ್ತವೆ. ಅಮೆರಿಕದಲ್ಲಿ ದೋಣಿಗಳನ್ನು ಕಟ್ಟಿ ನಿಲ್ಲಿಸುವ ಮರೀನಾಗಳಲ್ಲಿ ದಡದಿಂದ ಸಿಗುವ ಸಾಮಾನ್ಯ ಸಂಪರ್ಕ 120 ವೋಲ್ಟ್, 30 ಆಂಪಿಯರ್, ಗರಿಷ್ಠ 3.6 ಕಿಲೋವ್ಯಾಟ್. ಎಸಿ ಓಡುತ್ತಿರುವಾಗ 1.5 ಕಿಲೋವ್ಯಾಟಿನ ನೀರು ಕಾಯಿಸುವ ಗೀಸರ್ ಹಾಕಿದರೆ ಉಳಿಯುವುದು ಅರ್ಧ ಕಿಲೋವ್ಯಾಟ್. ಅದರ ಮೇಲೆ ಮೈಕ್ರೊವೇವ್ ಒಲೆ ಹಚ್ಚಿದರೆ ಬ್ರೇಕರ್ ಬೀಳುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುವುದರಿಂದ, ಸಣ್ಣ ಜನರೇಟರಿನ ಮೇಲೆ ಓಡಿಸಬೇಕಾದರೆ ಆ ಸೆಳೆತವನ್ನು ತಗ್ಗಿಸುವ ಸಾಫ್ಟ್ ಸ್ಟಾರ್ಟರ್ ಜೋಡಿಸಬೇಕು.

ಲಿಥಿಯಂ ಬ್ಯಾಟರಿ, ಸೌರಫಲಕಗಳು ಬಂದ ಮೇಲೆ ಈ ಚಿಂತೆ ಹಳೆಯದಾಯಿತು ಎಂಬ ವಾದವಿದೆ. ಅದರಲ್ಲಿ ಅರ್ಧ ಸತ್ಯವಿದೆ. ಮೇಲಿನ ಯಂತ್ರ ರಾತ್ರಿ ಎಂಟು ಗಂಟೆಗಳಲ್ಲಿ ಅರ್ಧ ಹೊತ್ತು ಮಾತ್ರ ಓಡಿದರೂ, ಇನ್ವರ್ಟರಿನ ನಷ್ಟ ಸೇರಿ ಸುಮಾರು 7 ಯೂನಿಟ್ (ಕಿಲೋವ್ಯಾಟ್-ಗಂಟೆ) ಖರ್ಚಾಗುತ್ತದೆ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಒಂದು ಲಿಥಿಯಂ ಬ್ಯಾಟರಿಯಿಂದ ನೆಮ್ಮದಿಯಾಗಿ ತೆಗೆಯಬಹುದಾದದ್ದು ಸುಮಾರು ಒಂದು ಯೂನಿಟ್. ಹಾಗಾಗಿ ಒಂದು ರಾತ್ರಿಗೆ ಅಂಥ ಏಳು ಬ್ಯಾಟರಿ ಬೇಕು. ಕೂವೆಮರ, ಹಾಯಿ, ಹಗ್ಗಗಳ ನೆರಳು ಬೀಳುವ ಹಾಯಿದೋಣಿಯಲ್ಲಿ 600 ವ್ಯಾಟ್ ಫಲಕಗಳಿಂದ ಒಳ್ಳೆಯ ದಿನದಲ್ಲೂ ಎರಡೂವರೆ ಯೂನಿಟ್ ಬಂದರೆ ಹೆಚ್ಚು, ಅದರಲ್ಲಿ ಫ್ರಿಜ್ಜಿಗೂ ದೀಪಕ್ಕೂ ಪಾಲಿದೆ. ಆದರೆ ಇದೇ ಲೆಕ್ಕ ದಾರಿಯನ್ನೂ ತೋರಿಸುತ್ತದೆ. ಇಡೀ ದೋಣಿಯನ್ನು ಬಿಟ್ಟು ಮಲಗುವ ಒಂದು ಕೋಣೆಗೆ ಮಾತ್ರ 5,000 ಬಿಟಿಯುವಿನ ಸಣ್ಣ ಯಂತ್ರ ಇಟ್ಟರೆ ರಾತ್ರಿಯ ಖರ್ಚು ಸುಮಾರು ಎರಡೂವರೆ ಯೂನಿಟ್ಟಿಗೆ ಇಳಿಯುತ್ತದೆ. ಲಂಗರು ಹಾಕಿ ನಿಂತಾಗಲೂ ಕೆಲವು ರಾತ್ರಿ ತಂಪಾಗಿ ಮಲಗಬಹುದು. ಆದ್ದರಿಂದ ದೊಡ್ಡದೊಂದು ಯಂತ್ರಕ್ಕಿಂತ, ದಡದ ವಿದ್ಯುತ್ತಿಗೆ ಒಂದು, ಬ್ಯಾಟರಿಗೆ ಇನ್ನೊಂದು ಎಂದು ಹಂಚುವುದು ಮೇಲು. ಎರಡಕ್ಕೂ ಒಂದೇ ದೊಡ್ಡ ಪಂಪು ಇಟ್ಟರೆ ರಾತ್ರಿಯೆಲ್ಲ ಅದೂ ವ್ಯರ್ಥವಾಗಿ ವಿದ್ಯುತ್ತು ತಿನ್ನುತ್ತದೆ. ಸಣ್ಣ ಯಂತ್ರಕ್ಕೆ ಅದರದೇ ಸಣ್ಣ ಪಂಪು ಕೊಡಬೇಕು.

ಯಂತ್ರ ತುಸು ದೊಡ್ಡದಿದ್ದರೆ ನಷ್ಟವೇನು ಎಂಬ ಪ್ರಶ್ನೆ ಸಹಜ. ನಷ್ಟವಿದೆ, ಅದು ತೇವದ ವಿಷಯದಲ್ಲಿ. ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಆಧುನಿಕ ಹವಾನಿಯಂತ್ರಣವನ್ನು ರೂಪಿಸಿದ್ದು, ತೇವದಿಂದ ಹಿಗ್ಗಿ ಕುಗ್ಗುತ್ತಿದ್ದ ಕಾಗದವನ್ನು ಹತೋಟಿಗೆ ತರಲು. ದೋಣಿಯಲ್ಲೂ ಅಸಲು ಶತ್ರು ತೇವವೇ: ಹಾಸಿಗೆಗೆ ಬೂಷ್ಟು ಹಿಡಿಯುವುದು, ಮರ ಉಬ್ಬುವುದು, ನಿದ್ದೆ ಕೆಡುವುದು ಅದರಿಂದ. ಯಂತ್ರ ಸಾಕಷ್ಟು ಹೊತ್ತು ಎಡೆಬಿಡದೆ ಓಡಿದರೆ ಮಾತ್ರ ಅದರೊಳಗಿನ ತಣ್ಣನೆಯ ಕೊಳವೆ ಸುರುಳಿಯ ಮೇಲೆ ತೇವ ಇಳಿದು ಹರಿದುಹೋಗುತ್ತದೆ. ಅತಿ ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ. ಗಾಳಿ ತಂಪಾದರೂ ಒದ್ದೆಯಾಗಿಯೇ ಉಳಿಯುತ್ತದೆ. ಡೆಕ್ಕಿಗೆ ಬಿಳಿ ಬಟ್ಟೆಯ ಚಪ್ಪರ ಕಟ್ಟಿ, ಮೇಲಿನ ಗಾಜುಗಳನ್ನು ಮುಚ್ಚಿ, ಒಡಲಿನ ಒಳಮೈಗೆ ಶಾಖತಡೆ ಹೊದಿಸಿದರೆ ಯಂತ್ರ ಚಿಕ್ಕದಾಗುತ್ತದೆ, ವಿದ್ಯುತ್ತು ಉಳಿಯುತ್ತದೆ.

ನೀರಿನ ದಾರಿ ಕೆಟ್ಟರೆ ಉಳಿದೆಲ್ಲ ಲೆಕ್ಕವೂ ಕೆಡುತ್ತದೆ. ಪ್ರತಿ ಟನ್ನಿಗೆ ನಿಮಿಷಕ್ಕೆ ಸುಮಾರು 11 ಲೀಟರ್ ನೀರು ಹರಿಯಬೇಕು. ಈ ಕೆಲಸಕ್ಕೆ ಬಳಸುವ ಪಂಪುಗಳು ಸಾಮಾನ್ಯವಾಗಿ ತಾವಾಗಿ ನೀರೆಳೆದುಕೊಳ್ಳಲಾರವು. ಆದ್ದರಿಂದ ಪಂಪೂ ಅದಕ್ಕೆ ಮೊದಲು ಬರುವ, ಕಸ ತಡೆಯುವ ಜರಡಿಯೂ ನೀರಿನ ಮಟ್ಟಕ್ಕಿಂತ ಕೆಳಗೆ ಇರಬೇಕು. ಕೊಳವೆ ಒಡಲಿನ ವಾಲ್ವಿನಿಂದ ಯಂತ್ರದವರೆಗೆ ಎಲ್ಲೂ ಬಾಗಿ ಇಳಿಯದೆ ಏರುತ್ತಲೇ ಸಾಗಬೇಕು. ನಡುವೆ ಒಂದು ಡೊಂಕು ಬಂದರೂ ಅಲ್ಲಿ ಗಾಳಿ ಸಿಕ್ಕಿ ಹರಿವು ನಿಲ್ಲುತ್ತದೆ, ಯಂತ್ರದೊಳಗಿನ ಒತ್ತಡ ಏರಿ ಕಂಪ್ರೆಸರ್ ಬಂದಾಗುತ್ತದೆ. ಹಾಯಿದೋಣಿ ಗಾಳಿಗೆ ಒಂದು ಮಗ್ಗುಲಿಗೆ ವಾಲಿ ಸಾಗುವುದರಿಂದ, ನೀರೆಳೆಯುವ ರಂಧ್ರವನ್ನು ಒಡಲಿನ ನಡುಗೆರೆಗೆ ಆದಷ್ಟು ಹತ್ತಿರ ಇಡಬೇಕು. ಬೆಚ್ಚನೆಯ ಸಮುದ್ರದಲ್ಲಿ ಚಿಪ್ಪುಜೀವಿಗಳು ಕೊಳವೆಯೊಳಗೇ ಬೆಳೆಯುತ್ತವೆ. ಕೈಗೆ ಎಟುಕದ ಜರಡಿಯನ್ನು ಯಾರೂ ತೊಳೆಯುವುದಿಲ್ಲ, ಹಾಗಾಗಿ ಅದರ ಜಾಗವನ್ನು ಮೊದಲೇ ಗೊತ್ತುಮಾಡಬೇಕು.

ಗಾಳಿಯ ದಾರಿಯಲ್ಲಿ ಪ್ರಾಣದ ಪ್ರಶ್ನೆಯೇ ಇದೆ. ಯಂತ್ರವನ್ನು ಎಂಜಿನ್ ಇರುವ ಕೋಣೆಯಲ್ಲಿ ಎಂದೂ ಕೂರಿಸಬಾರದು. ಸುರುಳಿಯಿಂದ ಇಳಿಯುವ ನೀರಿನ ಕೊಳವೆಯನ್ನೂ ಅಲ್ಲಿ ತೆರೆದುಬಿಡಬಾರದು. ಆ ಕೊಳವೆಯೇ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡನ್ನು ಸೆಳೆದು ಮಲಗುವ ಕೋಣೆಗೆ ಹಂಚಬಲ್ಲದು. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ರತಿ ಮಲಗುವ ಕೋಣೆಯಲ್ಲೂ ಅದನ್ನು ಪತ್ತೆಹಚ್ಚುವ ಅಲಾರಂ ಇರಲೇಬೇಕು. ತಣ್ಣನೆಯ ಗಾಳಿ ಮೇಲಿಂದ ಬಂದು, ಕೋಣೆಯ ಗಾಳಿ ಕೆಳಗಿನ ಅಗಲವಾದ ಜಾಲರಿಯಿಂದ ಯಂತ್ರಕ್ಕೆ ಮರಳಬೇಕು.

ಲಂಗರು ಹಾಕಿದ ದೋಣಿ ಗಾಳಿಗೆ ಮುಖಮಾಡಿ ನಿಲ್ಲುತ್ತದೆ, ಕಿಟಕಿ ತೆರೆದರೆ ಸಾಕಲ್ಲ ಎನ್ನುವ ನಾವಿಕರ ಮಾತು ಲಂಗರಿನ ಮಟ್ಟಿಗೆ ನಿಜ. ಆದರೆ ಮರೀನಾದಲ್ಲಿ ಕಟ್ಟಿದ ದೋಣಿ ಗಾಳಿಯತ್ತ ತಿರುಗದು. ಮಳೆಯಲ್ಲೂ ಸೊಳ್ಳೆ ಮುತ್ತಿದಾಗಲೂ ಕಿಟಕಿ ತೆರೆಯಲಾಗದು. ಡೆಕ್ಕಿನ ಬಾಗಿಲಿಗೆ ಕಿಟಕಿ ಎಸಿ ಕೂರಿಸುವುದು ಅಗ್ಗ, ದಡ ಬಿಡದವರಿಗೆ ಅದು ಸಾಕು. ಪ್ರಯಾಣ ಹೊರಟ ದಿನ ಮಾತ್ರ ಅದನ್ನು ಬಿಚ್ಚಿ ಎಲ್ಲಾದರೂ ಇಡಲೇಬೇಕು. ಹೀಗೆ ಪ್ರತಿ ಆಯ್ಕೆಯೂ ದೋಣಿ ವರ್ಷದ ಎಷ್ಟು ರಾತ್ರಿಗಳನ್ನು ದಡದಲ್ಲಿ, ಎಷ್ಟನ್ನು ಲಂಗರಿನಲ್ಲಿ ಕಳೆಯುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ಅದನ್ನು ಬರೆದಿಟ್ಟುಕೊಂಡು, ವಿದ್ಯುತ್ತಿನ ಲೆಕ್ಕ ಮುಗಿಸಿ, ನೀರು ಮತ್ತು ಗಾಳಿಯ ದಾರಿಗಳನ್ನು ನಕ್ಷೆಯಲ್ಲಿ ಎಳೆದ ಮೇಲೆಯೇ ಅಂಗಡಿಗೆ ಹೋಗಬೇಕು. ಆಗ ಕೊಳ್ಳಬೇಕಾದ ಯಂತ್ರ ಮೊದಲು ಅಂದುಕೊಂಡದ್ದಕ್ಕಿಂತ ಬಹುತೇಕ ಚಿಕ್ಕದೇ ಆಗಿರುತ್ತದೆ.