ಮಗ್ಗದೂರುಗಳಲ್ಲಿ ಸ್ಕೂಟರಿನ ದೀಪ

ಸ್ವಾತಂತ್ರ್ಯಪೂರ್ವದಲ್ಲಿ ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿಯೂ ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿಯೂ ಇದ್ದು, ರಬಕವಿಯು ಸಾಂಗಲಿಗೂ ಅದರ ಮಗ್ಗುಲಿನ ಬನಹಟ್ಟಿಯು ಜಮಖಂಡಿಗೂ ಸೇರಿ, ಬೀಳಗಿಯೊಂದು ಆಂಗ್ಲರ ಬಿಜಾಪುರ ಜಿಲ್ಲೆಯೊಳಗೆ ಉಳಿದಿದ್ದಿತು. 1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಈ ನಾಡೆಲ್ಲವೂ ವಿಶಾಲ ಮೈಸೂರಿಗೆ ಬಂದು ಕೂಡಿದ ತರುವಾಯವೂ, ನೂಲು, ಮಗ್ಗದ ಬಿಡಿಭಾಗ, ಯಂತ್ರೋಪಕರಣಗಳ ವ್ಯಾಪಾರವು ಸಾಂಗಲಿ, ಇಚಲಕರಂಜಿ, ಪುಣೆ, ಮುಂಬಯಿಗಳ ಕಡೆಗಿನ ತನ್ನ ಹಳೆಯ ಜಾಡನ್ನು ಬಿಡಲಿಲ್ಲ. ಮೋಟಾರ್ ಸ್ಕೂಟರು ಈ ಸೀಮೆಯನ್ನು ಹೊಕ್ಕದ್ದೂ ಆ ಜಾಡಿನಿಂದಲೇ.

ಇಟಲಿಯ ಪಿಯಾಜಿಯೋ ಕಂಪನಿಗಾಗಿ ಕೊರಾಡಿನೊ ದಾಸ್ಕಾನಿಯೊ ಎಂಬ ವಿಮಾನಶಿಲ್ಪಿಯು ರೂಪಿಸಿದ ವೆಸ್ಪಾ 1946ರಲ್ಲಿಯೂ, ಅದರ ಪ್ರತಿಸ್ಪರ್ಧಿಯಾದ ಲ್ಯಾಂಬ್ರೆಟಾ 1947ರಲ್ಲಿಯೂ ಹುಟ್ಟಿದವು. ಲ್ಯಾಂಬ್ರೆಟಾವನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ವೆಸ್ಪಾವನ್ನು ಮೊದಲು ಆಮದು ಮಾಡುತ್ತಿದ್ದ ಬಜಾಜ್ ಸಂಸ್ಥೆಯು 1959ರಲ್ಲಿ ಪರವಾನಗಿ ಪಡೆದು ಮುಂದೆ ಪುಣೆಯ ಹತ್ತಿರದ ಆಕುರ್ಡಿಯಲ್ಲಿ ತಾನೇ ತಯಾರಿಕೆಗೆ ಇಳಿಯಿತು. ಇಟಲಿಯ ಒಪ್ಪಂದವು ಮುಗಿದ ಬಳಿಕ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರನ್ನು ಹೊತ್ತ ಚೇತಕ್ ಬಂದಿತು. ಹಣ ಕಟ್ಟಿ ವರ್ಷಾನುವರ್ಷ ಸರದಿ ಕಾಯಬೇಕಾಗಿದ್ದ ಆ ಕಾಲದಲ್ಲಿ, ಮನೆಗೆ ಬಂದ ಸ್ಕೂಟರು ಒಂದು ತಲೆಮಾರಿನ ಆಸ್ತಿಯೇ ಆಗಿದ್ದಿತೆಂದರೆ ಅತಿಶಯೋಕ್ತಿಯಲ್ಲ. ನೇಕಾರಿಕೆಯ ಊರಿಗೆ ಅದು ವಿಶೇಷವಾಗಿ ಒಗ್ಗಿತು. ಕಾಲಿಡುವ ಸಮತಟ್ಟಾದ ಹಾಸಿನ ಮೇಲೆ ಸೀರೆಯ ಗಂಟನ್ನೋ ನೂಲಿನ ಮೂಟೆಯನ್ನೋ ನಿಲ್ಲಿಸಿಕೊಂಡು ಸಂತೆಗೆ ಹೋಗುವ ಅನುಕೂಲವನ್ನು ಮೋಟಾರ್ ಸೈಕಲ್ಲು ಕೊಡಲಾರದಷ್ಟೆ.

ಆ ಸ್ಕೂಟರುಗಳಲ್ಲಿ ಬಹುಪಾಲಿಗೆ ಬ್ಯಾಟರಿಯೆಂಬುದೇ ಇರಲಿಲ್ಲ. ಎಂಜಿನ್ನಿನ ತುದಿಗೆ ಸಿಕ್ಕಿಸಿದ ಗಾಲಿಯೊಳಗೆ ಅಯಸ್ಕಾಂತಗಳನ್ನು ಹುದುಗಿಸಿ, ಆ ಗಾಲಿಯು ತಿರುಗುವಾಗ ಅದರ ಗರ್ಭದಲ್ಲಿ ಸ್ಥಿರವಾಗಿ ನಿಂತ ತಾಮ್ರದ ಸುರುಳಿಗಳಲ್ಲಿ ವಿದ್ಯುತ್ತು ಹುಟ್ಟುವಂತೆ ಮಾಡಿದ್ದರು. 1831ರಲ್ಲಿ ಫ್ಯಾರಡೆಯು ಕಂಡುಹಿಡಿದ ತತ್ತ್ವವೇ ಇಲ್ಲಿಯೂ ದುಡಿಯುತ್ತಿದ್ದಿತು. ಒಂದು ಕಾಯಿಲು ಪ್ಲಗ್ಗಿನ ಕಿಡಿಗೆ, ಇನ್ನೊಂದು ದೀಪಕ್ಕೆ ಮತ್ತು ಹಾರನ್ನಿಗೆ. ಎಂಜಿನ್ನಿನ ವೇಗ ಹೆಚ್ಚಿದಂತೆ ಬೆಳಕೂ ಹೆಚ್ಚಿ, ಗಾಡಿಯನ್ನು ನಿಧಾನಿಸಿದೊಡನೆ ದೀಪವು ಕೆಂಪೇರಿ ಮಂಕಾಗುವುದು ಈ ಏರ್ಪಾಡಿನ ಸಹಜಧರ್ಮವೇ ಹೊರತು ದೋಷವಲ್ಲ. ಆದರೆ ದಾರಿಗೆ ಬೆಳಕು ಅತ್ಯಗತ್ಯವಾಗುವುದು ತಗ್ಗು ಬಂದು ವೇಗ ಕಡಿಮೆಯಾದಾಗಲೇ ಅಲ್ಲವೆ? ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಕಾರ್ಖಾನೆಯ ದಾರಿಯುದ್ದಕ್ಕೂ ಸಾಲುಗಟ್ಟುವ ಮುಧೋಳ, ಜಮಖಂಡಿಗಳ ರಸ್ತೆಯಲ್ಲಿ ಈ ಮಂಕುಬೆಳಕು ಪ್ರಾಣಸಂಕಟದ ಸಂಗತಿಯಾಗಿದ್ದಿತು.

ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರೆಂಬ ಪ್ರತ್ಯೇಕ ಸಾಧನವೂ ಹಳೆಯ ಮಾದರಿಗಳಲ್ಲಿ ಇರಲಿಲ್ಲ. ದೀಪಗಳ ಭಾರವೇ ಕಾಯಿಲಿನ ಶಕ್ತಿಯನ್ನು ಅಂಕೆಯಲ್ಲಿಡುತ್ತಿದ್ದುದರಿಂದ, ಓಡುವಾಗ ಮುಂದಿನ ದೊಡ್ಡ ಬಲ್ಬು ಸುಟ್ಟಿತೆಂದರೆ ಅಷ್ಟೂ ಒತ್ತಡವು ಹಿಂದಿನ ಪುಟ್ಟ ಬಲ್ಬಿನ ಮೇಲೆ ಬಿದ್ದು ಅದೂ ಮರುಕ್ಷಣದಲ್ಲಿಯೇ ಹೋಗುತ್ತಿತ್ತು. ಎರಡು ಬಲ್ಬುಗಳನ್ನು ಹೊಸದಾಗಿ ಹಾಕಿಸಿಕೊಂಡ ಮಾಲಿಕನು ಮತ್ತೆ ಎರಡೂ ಹೋದುವೆಂದು ಮರಳಿ ಬಂದಾಗ, ಬಲ್ಲ ಮಿಸ್ತ್ರಿಯು ಮೂರನೆಯ ಜೋಡಿಯನ್ನು ಮಾರದೆ, ಮುಂದಿನ ಬಲ್ಬಿನ ಹಿಡಿಕೆ ಸಡಿಲವಾಗಿದೆಯೇ ಎಂದು ನೋಡುತ್ತಿದ್ದನು.

ಈ ಬಲ್ಲತನವು ಎಲ್ಲಿಂದ ಬಂದಿತೆಂಬುದೇ ಈ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವ ಅಂಶ. ಸ್ಕೂಟರಿನ ಕೈಪಿಡಿಗಳು ಆಂಗ್ಲದಲ್ಲಿದ್ದವು. ಕಂಪನಿಯ ಅಧಿಕೃತ ಕಾರ್ಯಾಗಾರವು ದೂರದ ಪಟ್ಟಣದಲ್ಲಿದ್ದಿತು. ಹತ್ತಿರವಿದ್ದುದು ಮೋಟಾರ್ ವೈಂಡಿಂಗ್ ಅಂಗಡಿ. ರಬಕವಿ–ಬನಹಟ್ಟಿಗಳಲ್ಲಿ ಕೈಮಗ್ಗದ ಪಕ್ಕಕ್ಕೆ ವಿದ್ಯುನ್ಮಗ್ಗಗಳು ಬಂದು ನಿಂತು, ಕೃಷ್ಣೆ–ಘಟಪ್ರಭೆಗಳ ದಂಡೆಯಲ್ಲಿ ಪಂಪ್‌ಸೆಟ್ಟುಗಳು ಹೆಚ್ಚಿದಂತೆಲ್ಲ ಸುಟ್ಟ ಮೋಟಾರುಗಳೂ ಹೆಚ್ಚಿದುವು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ವಂತಿಗೆ ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದ ನಾಡಿದು. ನೀರು ನಿಂತಲ್ಲಿ ಪಂಪು, ಪಂಪು ಇದ್ದಲ್ಲಿ ವೈಂಡಿಂಗ್. ಸುಟ್ಟ ಸುರುಳಿಯನ್ನು ಬಿಚ್ಚುತ್ತ ಸುತ್ತುಗಳನ್ನು ಎಣಿಸಿ ಬರೆದುಕೊಂಡು, ಅದೇ ಗೇಜಿನ ಎನಾಮಲ್ ತಂತಿಯನ್ನು ಅದೇ ದಿಕ್ಕಿನಲ್ಲಿ ಸುತ್ತಿ, ವಾರ್ನಿಷ್ ಎರೆದು ಒಣಗಿಸುವ ವಿದ್ಯೆಯು ಅಲ್ಲಿ ಸಿದ್ಧವಾಗಿದ್ದಿತು. ಹಾಸಿನ ಎಳೆಗಳನ್ನು ತಪ್ಪದೆ ಎಣಿಸುವ ನೇಕಾರನ ಗಮನವೇ ಅದಕ್ಕೂ ಬೇಕು. ಸ್ಕೂಟರಿನ ಲೈಟ್ ಕಾಯಿಲೆಂದರೆ ಆ ಕೈಗಳಿಗೆ ಒಂದು ಚಿಕ್ಕ ಮೋಟಾರೇ ಸರಿ. ಮ್ಯಾಗ್ನೆಟ್ ಗಾಲಿಯನ್ನು ಕಳಚಿಟ್ಟಾಗ ಹಳೆಯ ಬಗೆಯ ಅಯಸ್ಕಾಂತವು ಕಸುವು ಕಳೆದುಕೊಳ್ಳದಂತೆ ಒಳಗೊಂದು ಕಬ್ಬಿಣದ ತುಂಡನ್ನು ಅಡ್ಡ ಇಡುವ ಎಚ್ಚರವೂ ಕಸುಬಿನ ಭಾಗವಾಗಿದ್ದಿತು.

ದೋಷಗಳಲ್ಲೆಲ್ಲ ಅತ್ಯಂತ ಕಪಟಿಯಾದುದು ಅರ್ಥಿಂಗ್. ಕಾಯಿಲಿನಿಂದ ಹೊರಟ ಕರೆಂಟು ಬಲ್ಬನ್ನು ಬೆಳಗಿಸಿ ಸ್ಕೂಟರಿನ ಉಕ್ಕಿನ ಮೈಯ ಮೂಲಕವೇ ಹಿಂದಿರುಗಬೇಕು. ತುಕ್ಕು, ಹೊಸದಾಗಿ ಬಳಿಸಿದ ಬಣ್ಣ, ಎರೆಮಣ್ಣಿನ ಧೂಳು ಇವು ಆ ದಾರಿಗೆ ಅಡ್ಡ ಬರುತ್ತವೆ. ಲೆಕ್ಕ ಹಾಕಿ ನೋಡಿದರೆ ಇದರ ತೀವ್ರತೆ ತಿಳಿಯುವುದು: 6 ವೋಲ್ಟಿನ 24 ವ್ಯಾಟ್ ದೀಪಕ್ಕೆ 4 ಆಂಪಿಯರ್ ಬೇಕು, ದಾರಿಯಲ್ಲಿ ಕಾಲು ಓಮಿನಷ್ಟು ತಡೆಯಿದ್ದರೂ 1 ವೋಲ್ಟ್, ಎಂದರೆ ಆರರಲ್ಲಿ ಒಂದು ಪಾಲು, ವ್ಯರ್ಥವಾಗುತ್ತದೆ. ಅದೇ ದೀಪವು 12 ವೋಲ್ಟಿನದಾದರೆ 2 ಆಂಪಿಯರ್ ಸಾಕಾಗಿ ನಷ್ಟವು ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮುಂದೆ ಸ್ಕೂಟರುಗಳೆಲ್ಲ 12 ವೋಲ್ಟಿಗೆ ತಿರುಗಿದುದರ ಗುಣವನ್ನು ಈ ಸಣ್ಣ ಗಣಿತವೇ ಸಾರುತ್ತದೆ.

1984ರಿಂದೀಚೆಗೆ ಕೈನೆಟಿಕ್ ಹೋಂಡಾ ಮೊದಲ್ಗೊಂಡು ಗುಂಡಿಯೊತ್ತಿ ಚಾಲೂ ಮಾಡುವ ಗಾಡಿಗಳು ಬಂದಮೇಲೆ ಬ್ಯಾಟರಿಯು ಅನಿವಾರ್ಯವಾಗಿ, ಮಿಸ್ತ್ರಿಯ ವಿದ್ಯೆಗೆ ಚಾರ್ಜಿಂಗಿನ ಅಧ್ಯಾಯವೊಂದು ಸೇರಿತು. ಆಗ ಮೀಟರು ಬೇಕಾಯಿತು. ಪೂರ್ಣ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟನ್ನೂ, ಎಂಜಿನ್ನನ್ನು ಸ್ವಲ್ಪ ಏರಿಸಿದಾಗ 13.5ರಿಂದ 14.5ರವರೆಗೂ ತೋರಿಸಿದರೆ ಎಲ್ಲವೂ ಕ್ಷೇಮ. ಮೀಟರಿನ ಮುಳ್ಳು ಏರದಿದ್ದರೆ ಸ್ಥಿರ ಸುರುಳಿಗಳ ಕಟ್ಟಾದ ಸ್ಟೇಟರಿನ ತಂತಿಗಳನ್ನು ಕಳಚಿ ಅಲ್ಲಿ ಪರೀಕ್ಷಿಸಬೇಕು: ಅಲ್ಲಿ ವಿದ್ಯುತ್ತು ಸರಿಯಾಗಿ ಹುಟ್ಟುತ್ತಿದ್ದರೆ ದೋಷವು ರೆಗ್ಯುಲೇಟರಿನದು ಅಥವಾ ನಡುವಣ ತಂತಿಯದು, ಇಲ್ಲವಾದರೆ ಕಾಯಿಲಿನದು. 15 ವೋಲ್ಟನ್ನು ದಾಟಿತೆಂದರೆ ರೆಗ್ಯುಲೇಟರು ಅಂಕೆ ತಪ್ಪಿದೆಯೆಂದೂ, ಬ್ಯಾಟರಿಯ ನೀರು ಕುದಿದು ಆರಿಹೋಗುವುದೆಂದೂ ತಿಳಿಯಬೇಕು.

2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಮುಧೋಳ, ಜಮಖಂಡಿ ಭಾಗದ ಹಳ್ಳಿಗಳನ್ನು ಹೊಕ್ಕಾಗ ಈ ಕಸುಬಿಗೆ ಎಲ್ಲಿಲ್ಲದ ಕೆಲಸ ಬಿದ್ದಿತು. ನೆರೆನೀರು ಕುಡಿದ ಸ್ಕೂಟರನ್ನು ಆತುರದಿಂದ ಕಿಕ್ಕು ಹೊಡೆಯದೆ, ಬ್ಯಾಟರಿಯ ತಂತಿಯನ್ನು ಮೊದಲು ಬಿಡಿಸಿ, ಮ್ಯಾಗ್ನೆಟ್ಟಿನ ಮುಚ್ಚಳ ತೆಗೆದು, ರಾಡಿಯನ್ನು ಶುದ್ಧಜಲದಿಂದ ತೊಳೆದು, ಕಾಯಿಲುಗಳನ್ನು ನಿಧಾನವಾಗಿ ಒಣಗಿಸಿದರೆ ಮಾತ್ರ ಅದು ಉಳಿಯಲು ಸಾಧ್ಯ. ಒಣಗಿದಂತೆ ಕಂಡ ಜೋಡಣೆಗಳಲ್ಲಿ ಹಸಿರು ಕಿಲುಬು ಏರಿ ತಿಂಗಳುಗಳ ಮೇಲೆ ದೀಪವನ್ನು ಆರಿಸುವುದುಂಟು.

2017ರ ಏಪ್ರಿಲ್ 1ರಿಂದ ತಯಾರಾದ ದ್ವಿಚಕ್ರಗಳಲ್ಲಿ ಎಂಜಿನ್ನು ನಡೆಯುವಷ್ಟು ಹೊತ್ತೂ ಮುಂದೀಪವು ತಾನಾಗಿ ಉರಿಯಬೇಕೆಂಬ ನಿಯಮವಿದೆ. ಹೀಗೆ ದೀಪದ ಭಾರವನ್ನು ಸದಾ ಹೊರುವ ಸ್ಟೇಟರು ಕೆಟ್ಟರೆ ಸುತ್ತಿಸುವುದಕ್ಕಿಂತ ಇಡಿಯಾಗಿ ಬದಲಿಸುವವರೇ ಈಗ ಹೆಚ್ಚು. ವೈಂಡಿಂಗ್ ಅಂಗಡಿಯು ಮಗ್ಗಕ್ಕೂ ಪಂಪಿಗೂ ದುಡಿಯುತ್ತಲೇ ಇದೆ, ಸ್ಕೂಟರಿನ ಕಾಯಿಲು ಮಾತ್ರ ಅಲ್ಲಿಗೆ ಅಪರೂಪ. ಹಳೆಯ ಚೇತಕನ್ನು ಇಂದಿಗೂ ಓಡಿಸುವವರು ಆ ಅಂಗಡಿಯ ಹಿರಿಯ ಕಸುಬುದಾರನಿಂದ ಸುತ್ತುಗಳ ಲೆಕ್ಕವನ್ನೂ ತಂತಿಯ ಗೇಜನ್ನೂ ಈಗಲೇ ಬರೆಯಿಸಿ ಇಟ್ಟುಕೊಳ್ಳತಕ್ಕದ್ದು.